ಒಂದೇ ಸೀಟಿನ ಕರಿ ಗಾಡಿ

ಬಾಳಿನ ದಾರಿಯಲ್ಲಿ ಮನುಷ್ಯ ಕೊನೆಗೂ ಒಂಟಿ ಪ್ರಯಾಣಿಕ. ಈ ಮಾತನ್ನು ಮೊದಲು ಹೇಳಿದವರು ಯಾರೇ ಇರಲಿ, ಅವರು ಯಲಬುರ್ಗಾ ಬಸ್ ಸ್ಟ್ಯಾಂಡಿನ ಮುಂದೆ ಹಿಂದಿನ ಸೀಟು ಖಾಲಿ ಇರುವ ಮೋಟರ್ ಸೈಕಲ್ಲನ್ನು ಅರ್ಧ ನಿಮಿಷವಾದರೂ ನಿಲ್ಲಿಸಿ ನೋಡಿದವರಲ್ಲ. "ಎತ್ಲಾಗ ಹೊಂಟೀರಿ?" ಎಂದು ಯಾರೋ ಕೇಳುತ್ತಾರೆ. ನೀವು ಬಾಯಿ ತೆರೆಯುವಷ್ಟರಲ್ಲಿ ಅವರು ಹಿಂದೆ ಕೂತಾಗಿರುತ್ತದೆ. ನೀವು ಕೊಪ್ಪಳಕ್ಕೆ, ಅವರು ಕುಷ್ಟಗಿಗೆ. ಅದು ದೊಡ್ಡ ಅಡ್ಡಿಯಲ್ಲ. "ನಡೀರಿ, ಅಲ್ಲೀತನಾ ಬರ್ತೀನಿ" ಎನ್ನುತ್ತಾರೆ. ಎಲ್ಲೀತನಕ ಎಂಬುದನ್ನು ಗಾಡಿ ಹೊರಟ ಮೇಲೆ ಗೊತ್ತುಮಾಡಿಕೊಳ್ಳಬೇಕು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಹೀರೆಬಳ್ಳಿ. ಮೊನ್ನೆ ಹಿತ್ತಲಲ್ಲಿ ಅದಕ್ಕೊಂದು ಆಸರೆ ಹುಡುಕುವಾಗ ನನ್ನ ಹಳೆಯ ಗಾಡಿಯ ಸೀರೆ ಗಾರ್ಡು ಕೈಗೆ ಸಿಕ್ಕಿತು. ಹಿಂದೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಗಬಾರದೆಂದು ಎಡಗಡೆ ಹಾಕುವ ಕಬ್ಬಿಣದ ಜಾಲರಿ ಅದು. ನನ್ನದು ಒಂದು ಕಡೆ ಒಳಕ್ಕೆ ತಗ್ಗಾಗಿದೆ. ಆ ತಗ್ಗು ನಮ್ಮ ಶಿವಕ್ಕನ ಹಿಮ್ಮಡಿಯದು. ಶಿವಕ್ಕ ನನಗಿಂತ ಏಳು ವರ್ಷ ಹಿರಿಯಳು, ಗಂಗಾವತಿ ಹತ್ತಿರದ ಮರಳಿಗೆ ಕೊಟ್ಟ ಅಕ್ಕ. ವರ್ಷವರ್ಷ ಪಂಚಮಿಗೆ ಮರಳಿಯಿಂದ ಯಲಬುರ್ಗಾದವರೆಗೆ ಅದೇ ಜಾಗಕ್ಕೆ ಹಿಮ್ಮಡಿ ಒತ್ತಿ ಕೂತು ಆ ತಗ್ಗು ಮಾಡಿದಳು.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ನಾಗಪ್ಪ ಹಾಲು ಕುಡಿಯುತ್ತಾನೋ ಬಿಡುತ್ತಾನೋ, ಅದು ಅವನ ವಿಚಾರ. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು ತವರಿಗೆ ಬರಬೇಕು, ಶೇಂಗಾ ಉಂಡಿ, ಎಳ್ಳುಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಆದರೆ ತಾವಾಗಿ ಬರುವಂತಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಕರೆಯಲು ಬಂದವನನ್ನು ಆ ಓಣಿಯೆಲ್ಲ ನಿಂತು ನೋಡುತ್ತದೆ. ಯಾವಾಗ ಬಂದ, ಏನು ತಂದ, ಯಾತರ ಮೇಲೆ ಬಂದ, ಎಲ್ಲ ತನಿಖೆಯಾಗುತ್ತದೆ.

ನಮ್ಮ ಅಪ್ಪ ತೀರಿಕೊಂಡದ್ದು ೧೯೯೭ರಲ್ಲಿ. ಕೊಪ್ಪಳ ಬೇರೆ ಜಿಲ್ಲೆಯಾದದ್ದೂ ಅದೇ ವರ್ಷ. ಎರಡರಿಂದಲೂ ನನ್ನ ಮೇಲೆ ಕೆಲಸ ಬಿತ್ತು. ನಾನು ಸರ್ವೇ ಇಲಾಖೆಯಲ್ಲಿ ಹೊಲ ಅಳೆಯುವ ಮೋಜಣಿದಾರ. ಹಗಲು ಹೊಸ ಜಿಲ್ಲೆಯ ಬದುಗಳನ್ನು ಅಳೆಯುವುದು, ಶ್ರಾವಣ ಬಂದರೆ ಅಕ್ಕನನ್ನು ಕರೆತರುವುದು. ಆಗ ನನ್ನ ಹತ್ತಿರ ಇದ್ದದ್ದು ಪೆಡಲ್ ತುಳಿದು ಚಾಲೂ ಮಾಡುವ ಒಂದು ಮೊಪೆಡ್. ಅದು ಸಮತಟ್ಟು ನೆಲದ ಪ್ರಾಣಿ, ಏರು ಕಂಡರೆ ಉಸಿರು ಬಿಡುತ್ತಿತ್ತು. ಭಾನಾಪುರದ ಹತ್ತಿರದ ಏರಿನಲ್ಲಿ ನಾನು ಇಳಿಯಲು ನೋಡಿದರೆ ಅಕ್ಕ ಬಿಡಲಿಲ್ಲ. "ನೀ ಇಳೀಬ್ಯಾಡೋ, ಇಳದ್ರ ಅದು ಮಲಗಿಬಿಡ್ತೈತಿ" ಎಂದು ತಾನೇ ಇಳಿದು ಸೆರಗು ಸಿಕ್ಕಿಸಿ ಹಿಂದಿನಿಂದ ದೂಡಿದಳು. ತವರಿಗೆ ಕರೆದುಕೊಂಡು ಹೋಗಲು ಬಂದ ತಮ್ಮನನ್ನು ಅಕ್ಕನೇ ದೂಡಿಕೊಂಡು ತವರಿಗೆ ಮುಟ್ಟಿಸಿದಳು ಎನ್ನುವುದು ಹೆಚ್ಚು ಸರಿ.

ಒಂದು ವರ್ಷ ಆಫೀಸಿನ ಕೆಲಸ ಕುತ್ತಿಗೆಗೆ ಬಂದು, ಗೊತ್ತಿದ್ದವರೊಬ್ಬರ ಜೀಪು ಕಳಿಸಿದೆ. ಜೀಪು ಹೋಯಿತು, ಉಂಡಿಯ ಡಬ್ಬಿ ಹೊತ್ತು ಬಂತು. ಅಕ್ಕ ಬರಲಿಲ್ಲ. "ಜೀಪಿಗೆ ಅಕ್ಕ ಇದ್ರ ಅಕಿನ್ನ ಕರ್ಕೊಂಡ ಹೋಗ್ಲಿ ಅಂತ ಹೇಳ್ರಿ" ಎಂದು ಡ್ರೈವರನ ಕೂಡ ಹೇಳಿ ಕಳಿಸಿದ್ದಳು. ಮುಂದಿನ ಪಂಚಮಿಯವರೆಗೆ ಫೋನು ಬಂದರೆ ನನ್ನ ಹೆಂಡತಿಯ ಜೊತೆ ಮಾತ್ರ ಮಾತು. ನಾನು ಎತ್ತಿದರೆ "ಗಿರಿಜಾ ಇಲ್ಲೇನು?" ಎನ್ನುವಳು. ಇದ್ದಾಳೆ ಎಂದರೆ ಕೊಡು ಎನ್ನುವಳು.

ಮೊಪೆಡ್ಡಿನ ನಂತರ ಸೀರೆ ಗಾರ್ಡಿನ ಗಾಡಿ ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದರ ಹಿಂದಿನ ಸೀಟು ನನ್ನದಾಗಿರಲಿಲ್ಲ, ಇಲಾಖೆಯದಾಗಿತ್ತು. ಸರಪಳಿ ಹಿಡಿಯುವವನು, ಊರ ಲೆಕ್ಕಪತ್ರದ ತಲಾಟಿ, ಅರ್ಜಿದಾರ, ಅರ್ಜಿದಾರನ ಮಾವ. ಒಮ್ಮೆ ಹನುಮಸಾಗರದ ಕಡೆ ಒಂದು ಬದುವಿನ ತಕರಾರು. ತಕರಾರಿನ ಅಣ್ಣತಮ್ಮ ಇಬ್ಬರೂ ನನ್ನ ಹಿಂದೆಯೇ ಕೂತು ಹೊಲಕ್ಕೆ ಬಂದರು. ಆರು ವರ್ಷದಿಂದ ಅವರಿಗೆ ಮಾತಿರಲಿಲ್ಲ. ನಡುವೆ ಕೂತ ಅಣ್ಣ ನನ್ನ ಕಿವಿಯಲ್ಲಿ, "ಸಾಹೇಬ್ರ, ಹಿಂದ ಕುಂತಾರಿಗೆ ಸ್ವಲ್ಪ ಸರೀರಿ ಅಂತ ಹೇಳ್ರಿ" ಎಂದ. ನಾನು ಹೇಳಿದೆ. ಹಿಂದಿನಿಂದ ತಮ್ಮನ ಉತ್ತರ ಬಂತು, "ಸರದ್ರ ಬೀಳ್ತೀನಿ ಅಂತ ಹೇಳ್ರಿ." ಅದನ್ನೂ ಹೇಳಿದೆ. ಹೊಲ ಮುಟ್ಟುವವರೆಗೆ ಗಾಡಿ ನಡೆಸುತ್ತ ಉಭಯ ಪಕ್ಷದ ವಕೀಲಿಯನ್ನೂ ಮಾಡಿದೆ.

ಹೀಗಾಗಿ ನಿವೃತ್ತಿಯ ದಿನ ನನಗೆ ಹಾರ ಹಾಕಿದಾಗ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ. ಹಿಂದೆ ಯಾರೂ ಇಲ್ಲದೆ, ಯಾರ ಮೊಣಕಾಲೂ ತಾಗದೆ, ಒಂದು ಸಲ ಎಲ್ಲಾದರೂ ಹೋಗಬೇಕು. ಎಲ್ಲಿಗೆ ಎನ್ನುವುದು ಮುಖ್ಯವಾಗಿರಲಿಲ್ಲ.

ಕುಷ್ಟಗಿಯ ಖಾಜಾಸಾಬ ನನ್ನ ಗಾಡಿಗಳ ಕಾಯಂ ವೈದ್ಯ. ಅವನ ಗ್ಯಾರೇಜಿನ ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಏನೋ ಮಲಗಿತ್ತು. ತಟ್ಟು ತೆಗೆದ. ಚಕ್ರ, ಇಂಜಿನ್ನು, ಕೊಳವೆ, ಹ್ಯಾಂಡಲ್ಲು, ಕನ್ನಡಿಯ ಬೆನ್ನು, ಎಲ್ಲವೂ ಕರ್ರಗೆ. ಒಂದು ಕಡೆಯೂ ಫಳಫಳ ಎನ್ನುವ ಬೆಳ್ಳಿ ಬಣ್ಣವಿಲ್ಲ.

"ಇದು ಸುಟ್ಟೈತೇನು ಖಾಜಾ?"

"ಹಂಗ ಅನಬ್ಯಾಡ್ರಿ ಸಾಹೇಬ್ರ. ಕಂಪನಿಯಿಂದನ ಕರ್ರಗ ಬಂದೈತಿ. ಶೋಕಿ."

"ಹಿಂದಿನ ಸೀಟು?"

"ಇಲ್ರಿ."

"ಕ್ಯಾರಿಯರು?"

"ಇಲ್ರಿ."

"ಲೆಗ್ ಗಾರ್ಡು? ಪೆಟ್ರೋಲ್ ತೋರ್ಸೋ ಮುಳ್ಳು?"

"ಅವೂ ಇಲ್ರಿ. ಏನೂ ಇಲ್ಲ ಅಂತನ ಇದರ ರೇಟ ಜಾಸ್ತಿ ಐತಿ."

ಇಂಥ ವೈರಾಗ್ಯವನ್ನು ನಾನು ಮಠಗಳಲ್ಲೂ ಕಂಡಿರಲಿಲ್ಲ. ಮೊದಲು ಕೊಂಡವನು ಹೆಂಡತಿ ಸಿಟ್ಟಾದಳೆಂದು ಬಿಟ್ಟು ಹೋದನಂತೆ. "ಕುಂತ ನೋಡ್ರಿ" ಎಂದ ಖಾಜಾ. ಕೂತೆ. ನೆಲದಿಂದ ಸೀಟು ಒಂದೂವರೆ ಮೊಳ. ಕಾಲು ಕೆಳಗೆ ಇಡುವುದಲ್ಲ, ಮುಂದಕ್ಕೆ ಚಾಚುವುದು. ಕೈ ಎರಡೂ ಅಗಲಕ್ಕೆ. ಪಡಸಾಲೆಯ ಆರಾಮ ಕುರ್ಚಿಗೆ ಚಕ್ರ ಹಚ್ಚಿ, ಅದನ್ನು ಡಾಂಬರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಹಳೆಯ ಗಾಡಿಯನ್ನು ಅಲ್ಲೇ ಕೊಟ್ಟೆ. ಖಾಜಾ ಸೀರೆ ಗಾರ್ಡು ಬಿಚ್ಚಿ, "ಇದನ್ನ ಈಗ ಯಾರೂ ಕೇಳಾಂಗಿಲ್ರಿ, ಒಯ್ರಿ" ಎಂದು ಕೈಗಿಟ್ಟ. ಹೊಸ ಗಾಡಿಯಲ್ಲಿ ಅದನ್ನು ಕಟ್ಟಲು ಜಾಗವಿರಲಿಲ್ಲ. ಹೆಗಲಿಗೆ ತೂಗುಹಾಕಿಕೊಂಡು ಬಂದೆ. ಆಗಲೂ ನನಗೆ ಏನೂ ಹೊಳೆಯಲಿಲ್ಲ.

ಗಾಡಿಯ ಗುಣಾವಗುಣಗಳನ್ನು ನಿಷ್ಪಕ್ಷಪಾತವಾಗಿ ದಾಖಲಿಸುವುದು ನನ್ನ ಕರ್ತವ್ಯ. ನಿಂತಲ್ಲೇ ಇಂಜಿನ್ನು ನಡೆಯುವಾಗ ಅದರ ಸದ್ದು ಎರಡು ಓಣಿ ಆಚೆಯ ಹಿಟ್ಟಿನ ಗಿರಣಿಯದು. ಹೊರಟರೆ ಆತುರ ಪಡುವುದಿಲ್ಲ. ಗೇರು ಬದಲಿಸಿದಾಗ ಕಬ್ಬಿಣದ ಬಾಗಿಲ ಅಗಳಿ ಬಿದ್ದಂತೆ ಒಂದು ಸದ್ದು. ಕಪ್ಪು ಎರೆಹೊಲದ ನಡುವಿನ ರಸ್ತೆಯಲ್ಲಿ, ಎರಡೂ ಬದಿ ಹೆಸರಿನ ಬೆಳೆ ಮೊಣಕಾಲೆತ್ತರ ನಿಂತಿರುವಾಗ, ಗಾಳಿ ಎದೆಗೆ ಬಡಿಯುತ್ತ ಹೋದರೆ ಮನುಷ್ಯನಿಗೆ ತನ್ನ ವಯಸ್ಸಿನ ಬಗ್ಗೆ ತಪ್ಪು ಕಲ್ಪನೆಗಳು ಬರುತ್ತವೆ. ಹೊಟ್ಟೆ ನೆಲಕ್ಕೆ ಹತ್ತಿರ, ಆದ್ದರಿಂದ ಪ್ರತಿ ಊರಿನ ರೋಡ್ ಹಂಪಿಗೂ ಸಾಷ್ಟಾಂಗ ಹಾಕಿಯೇ ಮುಂದಕ್ಕೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದರೆ ಪೆಟ್ರೋಲ್ ಟಾಕಿಯ ಮೇಲೆ ರೊಟ್ಟಿ ಬೇಯಿಸಬಹುದು. ಕನ್ನಡಿಗಳು ನನ್ನ ಮೊಣಕೈಯನ್ನು ಮಾತ್ರ ತೋರಿಸುತ್ತವೆ. ಹಿಂದೆ ಏನಿದೆ, ಯಾರಿದ್ದಾರೆ ಎಂಬುದು ತನಗೆ ಸಂಬಂಧಿಸಿದ ವಿಷಯವೆಂದು ಈ ಗಾಡಿ ತಿಳಿದುಕೊಂಡಿಲ್ಲ.

ಊರಿನ ಪ್ರತಿಕ್ರಿಯೆ ಮಿಶ್ರವಾಗಿತ್ತು. "ಬಣ್ಣ ಹಚ್ಚೋದು ಇನ್ನಾ ಬಾಕಿ ಐತೇನ್ರಿ?" ಎಂದು ಒಬ್ಬರು ಸಹಾನುಭೂತಿಯಿಂದ ಕೇಳಿದರು. ಇನ್ನೊಬ್ಬರು ರೂಢಿಯಂತೆ "ಎತ್ಲಾಗ ಹೊಂಟೀರಿ" ಎನ್ನುತ್ತ ಹಿಂದಕ್ಕೆ ಕಾಲೆತ್ತಿದರು. ಕಾಲು ಗಾಳಿಯಲ್ಲಿ ಸ್ವಲ್ಪ ಹೊತ್ತು ಸೀಟು ಹುಡುಕಿತು. ಆಮೇಲೆ ಇಳಿಸಿ, "ಆರಾಮ ಹೋಗಿ ಬರ್ರಿ" ಎಂದರು. ಆ ದನಿಯಲ್ಲಿದ್ದ ನೋವನ್ನು ಇಂದಿಗೂ ಮರೆತಿಲ್ಲ. ಗಿರಿಜಾ ಮಾತ್ರ, "ಛಲೋ ಆತು ಬಿಡ್ರಿ, ನನ್ನ ಸೊಂಟ ಉಳೀತು" ಎಂದು ಒಳಗೆ ಹೋದಳು.

ಹೀಗೆ ಎರಡು ತಿಂಗಳು ಕಳೆಯಿತು. ಶ್ರಾವಣ ಬಂತು.

ಪಂಚಮಿಗೆ ಮೂರು ದಿನ ಇರುವಾಗ ಬೆಳಿಗ್ಗೆ ಆರೂವರೆಗೆ ಹೊರಟೆ. ಗಿರಿಜಾ ಒಳಗೆ ಎಳ್ಳು ಹುರಿಯುತ್ತಿದ್ದಳು. ಅಲ್ಲಿಂದಲೇ "ಅಕ್ಕಾರ್ನ ಹುಷಾರಾಗಿ ಕರ್ಕೊಂಡ ಬರ್ರಿ" ಎಂದಳು. ನಾನು ಕುಷ್ಟಗಿಯಲ್ಲೋ ಗಂಗಾವತಿಯಲ್ಲೋ ಕಾರು ಹೇಳಿರುತ್ತೇನೆಂದು ಅವಳು ತಿಳಿದಿದ್ದಳಂತೆ. ನಾನೇನೂ ತಿಳಿದಿರಲಿಲ್ಲ. ಕೊಪ್ಪಳದ ಮೇಲೆ ಹೋಗುವುದು ಬಿಟ್ಟು, ಗಾಡಿಯ ಸುಖಕ್ಕಾಗಿ ಕುಷ್ಟಗಿಗೆ ಹೋಗಿ ದೊಡ್ಡ ಹೈವೇ ಹಿಡಿದೆ. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ಆ ರಸ್ತೆಯಲ್ಲಿ ಈ ಗಾಡಿ ಓಡುವುದಿಲ್ಲ, ತೇಲುತ್ತದೆ. ಬೂದಗುಂಪಾ ಕ್ರಾಸಿನಲ್ಲಿ ಹೊರಳಿ ಮುಂದೆ ಹೋದಂತೆ ಕಾಲುವೆ ನೀರಿನ ತಂಪು, ಕೆಸರುಗದ್ದೆಯ ವಾಸನೆ, ಬಗ್ಗಿ ಭತ್ತದ ಸಸಿ ನೆಡುವ ಹೆಂಗಸರ ಅರ್ಧ ಕನ್ನಡ ಅರ್ಧ ತೆಲುಗಿನ ಹರಟೆ. ಇಡೀ ಮೂರು ತಾಸಿನಲ್ಲಿ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಇಷ್ಟು ಸಂತೋಷವಾಗಿ ನಾನು ಯಾವ ಕೆಲಸಕ್ಕೂ ಹೋದದ್ದಿಲ್ಲ.

ಮರಳಿಯಲ್ಲಿ ಅಕ್ಕನದು ತುಂಬಿದ ಮನೆ. ಮಕ್ಕಳು, ಮೊಮ್ಮಕ್ಕಳು, ಮೈದುನಂದಿರು, ಹದಿನಾಲ್ಕು ಎಲೆ ಒಂದೇ ಪಂಕ್ತಿಗೆ ಬೀಳುತ್ತದೆ. ಗಾಡಿಯನ್ನು ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಒಳಗೆ ಹೋದೆ. ಕರೆಯಲು ಬಂದವನು ಮೊದಲು ಉಣ್ಣಬೇಕು. ನೆಗೆಣ್ಣಿ, ಅಂದರೆ ಅಕ್ಕನ ಮೈದುನನ ಹೆಂಡತಿ ಈರಮ್ಮ, ಬಡಿಸಿದಳು. ಉಂಡು ಕೈ ತೊಳೆದು ಹೊರಗೆ ಬಂದಾಗ ಅಕ್ಕ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಅಂಗಳದಲ್ಲಿ ನಿಂತಿದ್ದಳು. ಪಕ್ಕದಲ್ಲಿ ವರ್ಷದ ಪದ್ಧತಿಯಂತೆ ತವರಿಗೆ ಒಯ್ಯುವ ಸೋನಾ ಅಕ್ಕಿಯ ಮೂಟೆ. ಅಕ್ಕ ಗಾಡಿಯ ಹಿಂದಿನ ಚಕ್ರವನ್ನು ಒಂದು ಸುತ್ತು ಹಾಕಿ ಬಂದು ಕೇಳಿದಳು:

"ತಮ್ಮಾ, ನಾ ಎಲ್ಲಿ ಕುಂದ್ರಲಿ?"

ಅಲ್ಲಿಯವರೆಗೆ, ದೇವರಾಣೆಗೂ, ಅದು ನನ್ನ ತಲೆಗೆ ಬಂದಿರಲಿಲ್ಲ. ಪಂಚಮಿಗೆ ಮರಳಿಗೆ ಹೋಗುವುದು ನನಗೆ ಉಸಿರಾಟದಂಥ ರೂಢಿ. ಉಸಿರಾಡುವಾಗ ಯಾರು ಸೀಟು ಎಣಿಸುತ್ತಾರೆ?

ಅಕ್ಕನ ಗಂಡ, ನಮ್ಮ ಮಾಮಾ, ಮೀಸೆಯೊಳಗೇ ನಕ್ಕರು. "ಸರ್ವೇಯರ್ ಸಾಹೇಬ್ರು ಊರಮಂದಿ ಹೊಲಾ ಎಲ್ಲಾ ಅಳದ್ರು. ತಮ್ಮ ಗಾಡಿ ಒಂದ ಅಳೀಲಿಲ್ಲ."

ಈರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳು ಕೆಟ್ಟವಳಲ್ಲ, ಬಾಯಿ ಮಾತ್ರ ಸ್ವಲ್ಪ ಚುರುಕು. "ಅಕ್ಕಾ, ಗಾಡೀನ ಹೇಳಾಕತ್ತೈತಲ್ಲ, ತವರಾಗ ಜಾಗಾ ಇಲ್ಲಂತ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಿಂದಿನ ಮಡ್‌ಗಾರ್ಡಿನ ಮೇಲೆ ಕಟ್ಟಿ ನೋಡಿದೆವು. ಯಾವುದಕ್ಕೂ ಇರಲಿ ಎಂದು ಖಾಜಾನಿಗೆ ಫೋನು ಮಾಡಿದೆ. "ಸಾಹೇಬ್ರ, ಅದು ತಗಡ್ರಿ. ಅಕ್ಕಾರು ಕುಂತ್ರ ಟೈರಿಗೆ ಹತ್ತತೈತಿ. ಇಲ್ಲ ಅಂತ ನಾ ಮೊದ್ಲ ಹೇಳಿದ್ನಿಲ್ಲ?" ಎಂದ. ಹೇಳಿದ್ದ.

ಆಗ ನಾನು ನನ್ನ ಸೇವಾವಧಿಯ ಅನುಭವವನ್ನೆಲ್ಲ ಒಟ್ಟುಗೂಡಿಸಿ ಒಂದು ಪರಿಹಾರ ಸೂಚಿಸಿದೆ. ಅಕ್ಕ ಬಸ್ಸಿನಲ್ಲಿ ಮುಂದೆ ಹೋಗಲಿ. ನಾನು ಬಸ್ಸಿನ ಹಿಂದೆಯೇ, ಕಣ್ಣಳತೆಯಲ್ಲಿ, ಯಲಬುರ್ಗಾದವರೆಗೆ ಬೆಂಗಾವಲಾಗಿ ಬರುತ್ತೇನೆ.

"ಮುಂದ ನಾನು, ಹಿಂದ ಕರಿ ಗಾಡಿ" ಎಂದಳು ಅಕ್ಕ. "ತವರಿಗೆ ಕರ್ಕೊಂಡ ಹೊಂಟೀಯೋ, ಮಣ್ಣಿಗೆ ಒಯ್ಯಾಕತ್ತೀಯೋ?"

ಒಳಗೆ ಹೋಗಿ ಚೀಲವನ್ನು ಗೂಟಕ್ಕೆ ಹಾಕಿದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ.

ಇಲ್ಲಿ ಒಂದು ಮಾತು ಹೇಳಬೇಕು. ಅದನ್ನು ಮೇಲೆ ೧೯೯೭ರ ಸುದ್ದಿ ಬಂದಾಗಲೇ ಹೇಳಬೇಕಿತ್ತು, ಬೇಕೆಂದೇ ದಾಟಿ ಬಂದೆ. ಅಪ್ಪ ತೀರಿಕೊಂಡ ಮೇಲೆ ಹೊಲ, ಮನೆ ನನ್ನ ಹೆಸರಿಗೆ ಆಗಬೇಕಿತ್ತು. ಅಕ್ಕ ತನ್ನ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಬೇಕು. ಕಾಗದ ತಂದವನು ನಾನೇ. ಇಲಾಖೆಯ ಮನುಷ್ಯನಲ್ಲವೇ, ಎಲ್ಲಿ ಗುರುತು ಹಾಕಬೇಕೆಂದು ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಂಡೇ ಬಂದಿದ್ದೆ. ಇದೇ ಕಟ್ಟೆಯ ಮೇಲೆ ಕೂತು ಅಕ್ಕ ಓದದೆ ಸಹಿ ಹಾಕಿದಳು. "ಹೊಲಾ ತಗೊಂಡು ನಾ ಏನ್ ಮಾಡ್ಲೋ? ಪಂಚಮಿಗೆ ನೀ ಬಂದು ಕರಿ, ಸಾಕು" ಎಂದಳು. ಊರಿನ ಹೆಣ್ಣುಮಕ್ಕಳು ಎಲ್ಲರೂ ಹೇಳುವ ಮಾತೆಂದು ನಾನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟೆ. ಅವಳು ಅದನ್ನು ಒಪ್ಪಂದವೆಂದೇ ಹೇಳಿದ್ದಳು ಎಂಬುದು ಜೀಪು ತಿರುಗಿ ಬಂದಾಗ ಸ್ವಲ್ಪ ತಿಳಿಯಿತು. ಈಗ ಪೂರ್ತಿ ತಿಳಿಯಿತು. ಅವಳಿಗೆ ತವರಿನಲ್ಲಿ ಉಳಿದ ಜಾಗವೆಂದರೆ ನನ್ನ ಗಾಡಿಯ ಹಿಂದಿನ ಸೀಟು. ಅಷ್ಟನ್ನು ನಾನು ಖಾಜಾಸಾಬನ ಗ್ಯಾರೇಜಿನಲ್ಲಿ ಬಿಟ್ಟು ಬಂದಿದ್ದೆ.

ಒಳಗೆ ಹೋದೆ. ಅಕ್ಕ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಒಲೆ ಆರಿತ್ತು.

"ಅಕ್ಕಾ, ಗಾಡಿ ಇಲ್ಲೇ ಇರ್ಲಿ. ಇಬ್ರೂ ಬಸ್ಸಿಗೆ ಹೋಗೂಣು."

"ಹಬ್ಬದ ಬಸ್ಸು. ನಿಂದ್ರಬೇಕಾಗ್ತೈತಿ."

"ನಿಂದ್ರತೀನಿ."

"ಅಕ್ಕಿ ಮೂಟಿ?"

"ನಾ ಹೊರ್ತೀನಿ."

"ನಿನ್ನ ಸೊಂಟ?"

"ಅದನ್ನೂ ನಾನ ಹೊರ್ತೀನಿ."

ಅಕ್ಕ ಎದ್ದು ಗೂಟದಿಂದ ಚೀಲ ತೆಗೆದಳು. ಮಾಮಾ ಗಾಡಿಗೆ ತಾಡಪಾಲು ಹೊದಿಸಿದರು. ಈರಮ್ಮ ಬಾಗಿಲಿನಿಂದಲೇ, "ಅಕ್ಕಾ, ತಮ್ಮಗ ಸೀಟ ಹಿಡೀರಿ, ಒಬ್ಬರ ಕುಂದ್ರೋದು ರೂಢಿ ಆಗೇತಿ ಅವರ್ಗೆ" ಎಂದಳು. ಈ ಸಲ ಅಕ್ಕ ನಕ್ಕಳು.

ಗಂಗಾವತಿಯಲ್ಲಿ ಬಸ್ಸು ಬದಲಿಸಿದೆವು. ಪಂಚಮಿಯ ಮುಂಚಿನ ಬಸ್ಸಿನ ಚೆಲುವು ಬೇರೆ. ಕೂತವರೆಲ್ಲ ಅಕ್ಕತಂಗಿಯರು, ಚೀಲ ಹೊತ್ತು ನಿಂತವರೆಲ್ಲ ಅಣ್ಣತಮ್ಮಂದಿರು. ಕಂಡಕ್ಟರನೂ ತಂಗಿಯನ್ನು ಕರೆಯಲು ಹೋಗಬೇಕಾಗಿದ್ದವನು, ರಜೆ ಸಿಕ್ಕಿಲ್ಲವೆಂದು ಎಲ್ಲರ ಮೇಲೂ ಸಿಟ್ಟಾಗಿದ್ದ. ಕೊಪ್ಪಳ ಹತ್ತಿರ ಬಂದಾಗ ಅಕ್ಕನ ಪಕ್ಕ ಅರ್ಧ ಸೀಟು ತೆರವಾಯಿತು. ಅಕ್ಕಿ ಮೂಟೆಯ ಮೇಲೆ ಕಾಲಿಟ್ಟು ಕೂತೆ. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿದಳು:

"ಒಬ್ಬನ ಹೋಗೋ ಗಾಡಿ ಯಾಕ ಬೇಕಾತೋ ನಿನಗ?"

ಹೇಳಿದೆ. ತಲಾಟಿ, ಅರ್ಜಿದಾರ, ಅರ್ಜಿದಾರನ ಮಾವ, ಮಾತಾಡದ ಅಣ್ಣತಮ್ಮ, ಎಲ್ಲ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ.

"ಖರೇ ಐತಿ" ಎಂದಳು. "ನನಗೂ ಒಮ್ಮೊಮ್ಮೆ ಹಂಗ ಅನಸ್ತೈತಿ. ಹದಿನಾಕು ಮಂದಿ ಮನಿ. ಒಂದ ಕುರ್ಚಿ ಇರಬೇಕು, ಅದರಾಗ ನಾ ಒಬ್ಬಾಕಿ ಕುಂತಿರಬೇಕು, ಯಾರೂ ಅವ್ವಾ ಅನಬಾರದು."

"ಹಂಗಾರ ಗಾಡಿ ಮ್ಯಾಲೆ ಒಮ್ಮೆ ಕುಂತ ನೋಡಬೇಕಿತ್ತು ನೀನು."

"ಕುಂತ ನೋಡೀನಿ. ನೀವೆಲ್ಲಾ ಉಣ್ಣಾಕ ಕುಂತಾಗ. ಕಾಲು ಮುಂದ ಚಾಚಿ ಕುಂತೆ. ಕೋಳಿ ಬಿಟ್ರ ಯಾರೂ ನೋಡಿಲ್ಲ. ಭಾಳ ಛಲೋ ಐತಿ."

ನನಗೆ ಅರ್ಥವಾಗಲು ಒಂದು ಫರ್ಲಾಂಗು ಹಿಡಿಯಿತು. "ಅಂದ್ರ ಹಿಂದ ಸೀಟ ಇಲ್ಲ ಅಂತ ನಿನಗ ಮೊದ್ಲ ಗೊತ್ತಿತ್ತು?"

"ಗೊತ್ತಿತ್ತು. ನಿನಗ ಗೊತ್ತೈತೇನು ಅಂತ ಕೇಳಿದೆ."

ಯಲಬುರ್ಗಾದಲ್ಲಿ ಇಳಿದಾಗ ಹೊತ್ತು ಇಳಿದಿತ್ತು. ಗಿರಿಜಾ ಬಾಗಿಲಲ್ಲಿ ಅಕ್ಕನ ಕಾಲಿಗೆ ನೀರು ಕೊಟ್ಟು, ನನ್ನ ಹೆಗಲ ಮೇಲಿನ ಅಕ್ಕಿ ಮೂಟೆಯನ್ನೂ ಬೆವರನ್ನೂ ನೋಡಿ, ನನಗೂ ಒಂದು ತಂಬಿಗೆ ತಂದಳು. ಅಕ್ಕ ಉಂಡಿ ತಿಂದಳು, ಜೋಕಾಲಿ ಜೀಕಿದಳು, ಒಂದು ವಾರ ಇದ್ದಳು. ಎಂಟನೆಯ ದಿನ ಅವಳನ್ನು ಬಸ್ಸಿನಲ್ಲೇ ಮರಳಿಗೆ ಮುಟ್ಟಿಸಿ, ಗಾಡಿಯ ತಾಡಪಾಲು ತೆಗೆದು, ಒಬ್ಬನೇ ತಿರುಗಿ ಬಂದೆ.

ಗಾಡಿ ಈಗಲೂ ನನ್ನ ಹತ್ತಿರ ಇದೆ, ಸೀಟು ಒಂದೇ ಇದೆ. ಪಂಚಮಿಗೆ ನಾನು ಬಸ್ಸಿಗೆ ಹೋಗುತ್ತೇನೆ.